ಹಿಮಕ್ಕೆ 245 ಕುದುರೆ ಬೇಡ, ನಾಲ್ಕು ಅಂಗೈ ಸಾಕು

ಪ್ರಶ್ನೆ: ನಾನು ವಿರಾಜಪೇಟೆ ಹತ್ತಿರದವನು. ನನ್ನ ಬಳಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಇದೆ. ಕಾರು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ್ದೇನೆ, ಪವರ್ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸುವ ರೀಮ್ಯಾಪ್ ಕೂಡ ಆಗಿದೆ. ಅರೇಬಿಕಾ ಕೊಯ್ಲು ಮುಗಿದ ಮೇಲೆ ಜನವರಿ ಕೊನೆಗೆ ಹೆಂಡತಿ, ಏಳು ವರ್ಷದ ಮಗಳ ಜೊತೆ ಇದೇ ಕಾರಿನಲ್ಲಿ ಮನಾಲಿ, ಆಗುವುದಾದರೆ ಅಟಲ್ ಸುರಂಗ ದಾಟಿ ಸಿಸ್ಸು ತನಕ ಹೋಗುವ ಆಸೆ. ಎಸ್‌ಯುವಿ ಇಲ್ಲದೆ ಆಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇನ್ನೂ ಅಗಲದ ಟೈರ್ ಹಾಕಿಸಿದರೆ ಹಿಡಿತ ಜಾಸ್ತಿ ಆಗಲ್ವಾ? ಏನೇನು ತಯಾರಿ ಬೇಕು?

ಉತ್ತರ: ಮೊದಲು ಟೈರ್ ವಿಷಯ ಮುಗಿಸಿಬಿಡೋಣ. ಬೇಡ, ಅಗಲದ ಟೈರ್ ಹಾಕಿಸಬೇಡಿ. ನಿಮಗೆ ಬೇಕಿರುವುದು ಅದರ ಉಲ್ಟಾ.

ನಿಮ್ಮ ಪತ್ರದಲ್ಲಿ ಪವರ್, ಸ್ಪ್ರಿಂಗ್, ಟೈರ್ ಅಗಲ ಎಲ್ಲ ಇದೆ, ಬ್ರೇಕ್ ಹಾಕಿದರೆ ಕಾರು ಎಲ್ಲಿ ನಿಲ್ಲುತ್ತದೆ ಅನ್ನುವ ಪ್ರಶ್ನೆ ಮಾತ್ರ ಇಲ್ಲ. ತಪ್ಪು ತಿಳಿಯಬೇಡಿ, ಮೊದಲ ಸಲ ಹೋದಾಗ ನಾನೂ ಹಾಗೇ ಇದ್ದೆ. ಗೋಣಿಕೊಪ್ಪದಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜ್ ಇಟ್ಟುಕೊಂಡಿದ್ದೇನೆ, ಗದ್ದೆ ಆಟೋಕ್ರಾಸ್‌ನಲ್ಲಿ ಕೆಸರು ಕುಡಿದು ಬೆಳೆದವನು, ಮಳೆಗಾಲದಲ್ಲಿ ಮಾಕುಟ್ಟ ಘಾಟಿಯನ್ನು ಕಣ್ಣು ಮುಚ್ಚಿ ಇಳಿಯುತ್ತೇನೆ ಅನ್ನುವ ಜಂಬ ಬೇರೆ. ಮನಾಲಿ ಮೇಲಿನ ಪಲ್ಚಾನ್ ದಾಟಿ ಒಂದು ಇಳಿಜಾರಿನಲ್ಲಿ, ಗಂಟೆಗೆ 15 ಕಿಲೋಮೀಟರ್ ಕೂಡ ಇರಲಿಲ್ಲ, ಬ್ರೇಕ್ ಮೆಟ್ಟಿದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಟಕಟ ಅಂದಿತು, ಕಾರು ಮಾತ್ರ ಎಣ್ಣೆ ಸವರಿದ ಕಾವಲಿ ಮೇಲಿನ ಬೆಣ್ಣೆ ಹಾಗೆ ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ, ಜಾರಿಕೊಂಡೇ ಹೋಯಿತು. ಕೊನೆಗೆ ರಸ್ತೆ ಬದಿಯ ಹಿಮದ ರಾಶಿಗೆ ಮೂತಿ ಇಟ್ಟು ನಿಂತಿತು. ಬಂಪರ್ ಕ್ಲಿಪ್ ನಾಲ್ಕು ಹೋಯಿತು, ಜಂಬ ಪೂರ್ತಿ ಹೋಯಿತು.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯ ಇಲ್ಲ. ಒಣ ಡಾಂಬರಿನಲ್ಲಿ 40ರ ವೇಗದಿಂದ ಬ್ರೇಕ್ ಹಾಕಿದರೆ ಸುಮಾರು 8 ಮೀಟರ್‌ನಲ್ಲಿ ನಿಲ್ಲುತ್ತೀರಿ. ಗಾಡಿಗಳು ಓಡಾಡಿ ಒತ್ತಿ ಗಟ್ಟಿಯಾದ ಹಿಮದ ಮೇಲೆ ಅದೇ ವೇಗಕ್ಕೆ 30 ಮೀಟರ್ ಬೇಕು. ಮಂಜುಗಡ್ಡೆ ಮೇಲೆ 60 ಮೀಟರ್ ದಾಟುತ್ತದೆ, ಅದೂ ರಸ್ತೆ ಸಮತಟ್ಟಾಗಿದ್ದರೆ. ಇಳಿಜಾರಾದರೆ ದೇವರೇ ಗತಿ. ಇದರಲ್ಲಿ 245 ಕುದುರೆಗಳ ಪಾತ್ರ ಏನೂ ಇಲ್ಲ. ಕಾರು ನೆಲಕ್ಕೆ ತಾಗುವುದು ನಾಲ್ಕೇ ಜಾಗದಲ್ಲಿ, ಒಂದೊಂದೂ ಹೆಚ್ಚು ಕಡಿಮೆ ಅಂಗೈಯಷ್ಟು. ದುಡ್ಡು ಖರ್ಚು ಮಾಡುವುದಿದ್ದರೆ ಆ ನಾಲ್ಕು ಅಂಗೈಗೆ ಮಾಡಿ.

ಎಸ್‌ಯುವಿ ವಾದಕ್ಕೂ ಉತ್ತರ ಇಲ್ಲೇ ಇದೆ. ಫೋರ್ ವೀಲ್ ಡ್ರೈವ್ ನಿಂತಲ್ಲಿಂದ ಹೊರಡಲು, ಏರು ಹತ್ತಲು ನಿಜವಾಗಿಯೂ ಸಹಾಯ ಮಾಡುತ್ತದೆ. ನಿಲ್ಲಲು ಕಿಂಚಿತ್ತೂ ಮಾಡುವುದಿಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರೋದು ಅಲ್ವಾ? ಎರಡು ಟನ್ ತೂಕದ ಗಾಡಿ ಸವೆದ ಹೈವೇ ಟೈರ್‌ನಲ್ಲಿ ಬಂದರೆ ನಿಮಗಿಂತ ಮುಂಚೆ ಚರಂಡಿ ಸೇರುತ್ತದೆ. ನೀವು ಬಡವರೇನಲ್ಲ, ನಿಮ್ಮದು ಫ್ರಂಟ್ ವೀಲ್ ಡ್ರೈವ್, ಎಂಜಿನ್ ತೂಕ ಎಳೆಯುವ ಚಕ್ರದ ಮೇಲೇ ಕೂತಿದೆ, ಒಂದು ಚಕ್ರ ಸುಮ್ನೆ ತಿರುಗಿದರೆ ಇನ್ನೊಂದಕ್ಕೆ ಬಲ ಕಳಿಸುವ ಎಲೆಕ್ಟ್ರಾನಿಕ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಕೂಡ ಮುಂದೆ ಇದೆ. ನಿಮ್ಮ ತೊಂದರೆ ಎರಡೇ: ಟೈರು ಮತ್ತು ನೆಲದಿಂದ ಎತ್ತರ.

ಈಗ ಟೈರು. ನಿಮ್ಮ ಕಾರಿನ ಜೊತೆ ಬಂದದ್ದು 225/40 ಆರ್18 (225 ಮಿಲಿಮೀಟರ್ ಅಗಲ, ಟೈರಿನ ಮೈ ಎತ್ತರ ಅಗಲದ ಶೇಕಡ 40, ವೀಲ್ 18 ಇಂಚು), ಬೇಸಿಗೆಗೆ ಮಾಡಿದ ಸ್ಪೋರ್ಟ್ಸ್ ಟೈರು. ಮೈಸೂರು ರಸ್ತೆಯಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಸುಮಾರು 7 ಡಿಗ್ರಿಗಿಂತ ಕೆಳಗೆ ಆ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ, ಮೈನಸ್‌ಗೆ ಇಳಿದರೆ ಪ್ಲಾಸ್ಟಿಕ್ ಕೊಡದ ಹಾಗೆ ಆಗುತ್ತದೆ. ಇಂಥ ಟೈರನ್ನು ಕೊರೆಯುವ ಚಳಿಯಲ್ಲಿ ಓಡಿಸಿದರೆ ಬಿರುಕು ಬಿಡಬಹುದು ಅಂತ ಕೆಲವು ಕಂಪನಿಗಳೇ ಎಚ್ಚರಿಸುತ್ತವೆ. ಚಳಿಗಾಲದ ಟೈರಿನ ರಬ್ಬರ್ ಬೇರೆ, ಚಳಿಯಲ್ಲೂ ಮೆತ್ತಗೇ ಇರುತ್ತದೆ. ಅದರ ಗುಬ್ಬಿಗಳ (ನೆಲಕ್ಕೆ ತಾಗುವ ರಬ್ಬರ್ ಉಬ್ಬುಗಳ) ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ನೂರಾರು ಸಣ್ಣ ಸೀಳು ಇರುತ್ತವೆ. ಆ ಸೀಳಿಗೆ, ಗುಬ್ಬಿಗಳ ನಡುವಿನ ಸಂದಿಗೆ ಹಿಮ ತುಂಬಿಕೊಳ್ಳಬೇಕು. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುವುದು, ಮಕ್ಕಳು ಉಂಡೆ ಕಟ್ಟುವಾಗ ನೋಡಿ, ಒತ್ತಿದಷ್ಟೂ ಗಟ್ಟಿ. ನಮ್ಮ ಕಡೆ ಜೀಪಿನ ಟೈರಲ್ಲಿ ಕೆಸರು ತುಂಬಿದರೆ ಕೆಲಸ ಕೆಟ್ಟಿತು ಅಂತ ಅರ್ಥ, ಅಲ್ಲಿ ಹಿಮ ತುಂಬಿದರೆ ಕೆಲಸ ಆಗುತ್ತಿದೆ ಅಂತ.

ಅಗಲದ ಟೈರ್ ಯಾಕೆ ಬೇಡ ಅಂದರೆ, ಅದು ಹಿಮದ ಮೇಲೆ ತೇಲುತ್ತದೆ. ಕಿರಿದಾದ ಟೈರು ಅದೇ ತೂಕವನ್ನು ಕಡಿಮೆ ಜಾಗಕ್ಕೆ ಒತ್ತಿ, ಮೇಲಿನ ಪುಡಿ ಹಿಮವನ್ನು ಕತ್ತರಿಸಿ ಕೆಳಗಿನ ಗಟ್ಟಿ ಪದರ ಹುಡುಕುತ್ತದೆ. ನನ್ನ ಸಲಹೆ: 17 ಇಂಚಿನ ಒಂದು ಸೆಟ್ ವೀಲ್ ಹುಡುಕಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ, 5x112 ಬೋಲ್ಟ್ ಅಳತೆಯದು (ಐದು ಬೋಲ್ಟ್, 112 ಮಿಲಿಮೀಟರ್ ವೃತ್ತದಲ್ಲಿ), ಸಾಮಾನ್ಯ ಆಕ್ಟೇವಿಯಾ ಅಥವಾ ಸೂಪರ್ಬ್‌ನಿಂದ ಬಿಚ್ಚಿದ್ದು ಬೆಂಗಳೂರಿನಲ್ಲಿ ಸಿಗುತ್ತದೆ. ಅದಕ್ಕೆ 205/50 ಆರ್17 ಹಾಕಿ, ಅದು ಸಿಗದಿದ್ದರೆ ಮಾತ್ರ 225/45 ಆರ್17. ಒಟ್ಟು ವ್ಯಾಸ ಈಗಿನದಕ್ಕೆ ಮೂರು ಮಿಲಿಮೀಟರ್ ಒಳಗೇ ಬರುತ್ತದೆ, ಹಾಗಾಗಿ ಸ್ಪೀಡೋಮೀಟರ್, ಎಬಿಎಸ್ ಯಾವುದೂ ತಕರಾರು ಮಾಡಲ್ಲ. 16 ಇಂಚು ಇನ್ನೂ ಒಳ್ಳೆಯದೇ, ಆದರೆ ನಿಮ್ಮ ಮುಂದಿನ ಬ್ರೇಕ್ ಡಿಸ್ಕ್ ದೊಡ್ಡದು, ಕ್ಯಾಲಿಪರ್‌ಗೆ ತಾಗುತ್ತದೆ. 17 ಕೂಡ ಒಂದು ಚಕ್ರ ಹಾಕಿ, ಕೈಯಲ್ಲಿ ತಿರುಗಿಸಿ ನೋಡಿಯೇ ದುಡ್ಡು ಕೊಡಿ. ಟೈರಿನ ಲೋಡ್ ರೇಟಿಂಗ್ (ಎಷ್ಟು ತೂಕ ಹೊರುತ್ತದೆ ಅನ್ನುವುದು) ಕಾರಿಗೆ ಸಾಲುತ್ತದಾ ಅನ್ನುವುದನ್ನೂ ಅಂಗಡಿಯಲ್ಲೇ ಕೇಳಿ.

ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ. ಅದು ಹಿಮದ ಮೇಲೆ ಪರೀಕ್ಷೆ ಮಾಡಿ ಪಾಸಾದ ಟೈರು. ಬರೀ ‘ಎಂ ಪ್ಲಸ್ ಎಸ್’ (ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಮರುಳಾಗಬೇಡಿ, ಅದು ಗುಬ್ಬಿಯ ವಿನ್ಯಾಸದ ಬಗ್ಗೆ ಕಂಪನಿಯೇ ಹೇಳಿಕೊಳ್ಳುವ ಮಾತು. ಕಷ್ಟ ಏನೆಂದರೆ ಇಂಥ ಟೈರು ನಮ್ಮಲ್ಲಿ ಸುಲಭಕ್ಕೆ ಸಿಗಲ್ಲ, 2020ರಲ್ಲಿ ಸರ್ಕಾರ ಟೈರ್ ಆಮದಿಗೆ ನಿರ್ಬಂಧ ಹಾಕಿದ ಮೇಲೆ ಇನ್ನೂ ಕಷ್ಟ ಆಯಿತು. ಪೂರ್ತಿ ಚಳಿಗಾಲದ್ದೇ ಬೇಕು ಅಂತ ನಾನು ಹಟ ಮಾಡಲ್ಲ. ಇಲ್ಲಿಂದ ಮನಾಲಿಗೆ ಹತ್ತಿರ ಹತ್ತಿರ 3 ಸಾವಿರ ಕಿಲೋಮೀಟರ್, ಅದರಲ್ಲಿ ಹಿಮ ಇರುವುದು ಕೊನೆಯ ಮೂವತ್ತೋ ನಲವತ್ತೋ ಕಿಲೋಮೀಟರ್. ನಾಗಪುರದ ಬಿಸಿಲಿನಲ್ಲಿ ಆ ಮೆತ್ತನೆ ರಬ್ಬರನ್ನು ನೂರರ ವೇಗದಲ್ಲಿ ಓಡಿಸಿದರೆ ಸುಮ್ನೆ ಉಜ್ಜಿ ಹೋಗುತ್ತದೆ. ಬೆಟ್ಟದ ಗುರುತು ಇರುವ ಆಲ್ ಸೀಸನ್ ಟೈರು ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಸಿಗದಿದ್ದರೆ ಹೊಸ, ಸಾದಾ ಟೂರಿಂಗ್ ಟೈರು, ಜೊತೆಗೆ ಟೈರಿಗೆ ಸುತ್ತುವ ಚೈನು. ಕಾನೂನಿಗೆ 1.6 ಮಿಲಿಮೀಟರ್ ಗುಬ್ಬಿ ಇದ್ದರೆ ಸಾಕು, ಹಿಮಕ್ಕೆ 4 ಮಿಲಿಮೀಟರ್ ಕೂಡ ಇಲ್ಲದ ಟೈರನ್ನು ನಾನು ಟೈರು ಅನ್ನಲ್ಲ.

ಗಾಳಿ ವಿಷಯದಲ್ಲಿ ಒಂದು ತಮಾಷೆ ಇದೆ. ಚಳಿ ಹೆಚ್ಚಿದ ಹಾಗೆ ಟೈರಿನ ಒತ್ತಡ ಇಳಿಯುತ್ತದೆ, ಎತ್ತರ ಏರಿದ ಹಾಗೆ ಗೇಜ್ ಜಾಸ್ತಿ ತೋರಿಸುತ್ತದೆ, ಯಾಕೆಂದರೆ ಹೊರಗಿನ ಗಾಳಿ ತೆಳು. ಮಡಿಕೇರಿಯಲ್ಲಿ 25 ಡಿಗ್ರಿಗೆ 33 ಪಿಎಸ್‌ಐ ತುಂಬಿಸಿದರೆ ಮನಾಲಿ ಮೇಲಿನ ಸೋಲಂಗ್‌ನ ಮೈನಸ್ 5ರಲ್ಲಿ 30ರ ಆಸುಪಾಸು ಇರುತ್ತದೆ. ಅಲ್ಲಿ ಬೆಳಿಗ್ಗೆ ಕಾರು ತಣ್ಣಗಿರುವಾಗ ನೋಡಿ ಸರಿ ಮಾಡಿಕೊಳ್ಳಿ. ಮರಳಿಗೆ ಇಳಿಸಿದ ಹಾಗೆ ಗಾಳಿ ಇಳಿಸುವ ಉಪಾಯ ಇಲ್ಲಿ ಬೇಡ.

ಚೈನ್. ನಮ್ಮಪ್ಪ ಜೂನ್ ಬಂತೆಂದರೆ ತೋಟದ ಜೀಪಿನ ಹಿಂದಿನ ಟೈರಿಗೆ ಕಬ್ಬಿಣದ ಚೈನ್ ಸುತ್ತುತ್ತಿದ್ದರು, ಹಾಗಾಗಿ ಇದು ನಮಗೆ ಹೊಸದೇನಲ್ಲ ಅಂದುಕೊಂಡಿದ್ದೆ. ಜೀಪಿನಲ್ಲಿ ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಒಂದು ಕೋಳಿ ಮಲಗಬಹುದು, ಆರ್‌ಎಸ್‌ನಲ್ಲಿ ಬೆರಳು ಹೋಗುವುದೂ ಕಷ್ಟ. ದಪ್ಪ ಚೈನ್ ಹಾಕಿದರೆ ಒಳಗಡೆ ಶಾಕ್ ಅಬ್ಸಾರ್ಬರ್‌ಗೆ, ಬ್ರೇಕ್ ಹೋಸಿಗೆ ಬಡಿಯುತ್ತದೆ. ಕಾರಿನ ಮ್ಯಾನುಯಲ್ ತೆಗೆದು ಓದಿ, ಯಾವ ಅಳತೆ ಟೈರಿಗೆ ಎಷ್ಟು ದಪ್ಪದ ಚೈನ್ ಹಾಕಬಹುದು ಅಂತ ಬರೆದಿರುತ್ತದೆ. 18 ಇಂಚಿನಂಥ ಅಗಲದ, ಮೈ ತಗ್ಗಿದ ಟೈರಿಗೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಕಿರಿದಾದ 17ಕ್ಕೆ ಹೋಗಿ ಅಂದದ್ದು ಇದಕ್ಕೂ ಸೇರಿಸಿ. ಇದೇ ಕಾರಣಕ್ಕೆ ಆ ಲೋವರಿಂಗ್ ಸ್ಪ್ರಿಂಗ್ ಬಿಚ್ಚಿಸಿ, ಕಂಪನಿಯದ್ದೇ ವಾಪಸ್ ಹಾಕಿಸಿ. ಇದರಲ್ಲಿ ಚೌಕಾಸಿ ಇಲ್ಲ. ತಗ್ಗಿಸಿದ ಕಾರಿನ ಬಂಪರ್ ಹಿಮವನ್ನು ಬುಲ್ಡೋಜರ್ ಹಾಗೆ ದೂಡುತ್ತದೆ, ಸ್ವಲ್ಪ ಹೊತ್ತಿಗೆ ಕಾರಿನ ಹೊಟ್ಟೆ ಹಿಮದ ಮೇಲೆ ಕೂತು ಚಕ್ರ ಗಾಳಿಯಲ್ಲಿ ತಿರುಗುತ್ತದೆ.

ಚೈನ್ ಹಾಕುವುದು ಮುಂದಿನ ಎರಡು ಚಕ್ರಕ್ಕೆ, ಯಾಕೆಂದರೆ ನಿಮ್ಮ ಕಾರು ಎಳೆಯುವುದು, ತಿರುಗುವುದು ಎರಡೂ ಮುಂದಿನಿಂದ. ಹಿಂಭಾಗಕ್ಕೆ ಹಿಡಿತ ಇಲ್ಲದ ಕಾರಣ ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಬಾಲ ಮುಂದೆ ಬರಲು ನೋಡುತ್ತದೆ ಅನ್ನುವುದು ನೆನಪಿರಲಿ. ವೇಗ 40 ದಾಟಬಾರದು. ಬರೀ ಡಾಂಬರು ಕಂಡ ಕೂಡಲೇ ಬಿಚ್ಚಬೇಕು, ಇಲ್ಲದಿದ್ದರೆ ಚೈನ್ ಹರಿದು ಮಡ್‌ಗಾರ್ಡ್ ಒಳಗೆಲ್ಲ ಚಚ್ಚುತ್ತದೆ. ಮತ್ತು ದಯವಿಟ್ಟು ಮನೆಯಲ್ಲಿ ಅಭ್ಯಾಸ ಮಾಡಿ. ಕಾಫಿ ಕಣದಲ್ಲಿ ಕಾರು ನಿಲ್ಲಿಸಿ, ದಪ್ಪ ಗ್ಲೌಸ್ ಹಾಕಿಕೊಂಡು, ಟಾರ್ಚ್ ಬೆಳಕಿನಲ್ಲಿ, ನಾಲ್ಕು ಸಲ ಹಾಕಿ ಬಿಚ್ಚಿ. ನಾನು ಮಾಡಿರಲಿಲ್ಲ. ಪಲ್ಚಾನ್‌ನಲ್ಲಿ ಹಿಮದ ಮೇಲೆ ಅಂಗಾತ ಮಲಗಿ ಮುಕ್ಕಾಲು ಗಂಟೆ ಒದ್ದಾಡಿದೆ, ಬೆರಳು ಮರಗಟ್ಟಿ ಕೊಂಡಿ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಅಲ್ಲಿನ ಟ್ಯಾಕ್ಸಿ ಹುಡುಗ ಬಂದು ಐದು ನಿಮಿಷದಲ್ಲಿ ಹಾಕಿಕೊಟ್ಟು, ಇನ್ನೂರು ರೂಪಾಯಿ ಕೊಟ್ಟರೂ ಬೇಡ ಅಂದ.

ಇನ್ನು ಬಾನೆಟ್ ಕೆಳಗೆ. ನಮ್ಮೂರಲ್ಲಿ ರೇಡಿಯೇಟರ್‌ಗೆ ಬಾವಿ ನೀರು ಹೊಯ್ಯುವ ಚಾಳಿ ಇದೆ, ಸೆಕೆ ಇಲ್ಲ, ಚಳಿಯೂ ಅಷ್ಟಿಲ್ಲ, ನಡೆದುಹೋಗುತ್ತದೆ. ಮೈನಸ್‌ನಲ್ಲಿ ಇದು ಎಂಜಿನ್ ಕೊಲ್ಲುತ್ತದೆ. ನೀರು ಗಡ್ಡೆ ಕಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಉಬ್ಬುತ್ತದೆ, ರೇಡಿಯೇಟರ್ ಏನು, ಎಂಜಿನ್ ಬ್ಲಾಕನ್ನೇ ಸೀಳಬಲ್ಲದು. ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧಕ್ಕರ್ಧ ಇದ್ದರೆ ಮೈನಸ್ 35ರ ತನಕ ಚಿಂತೆ ಇಲ್ಲ. ಮುಂಚೆ ಯಾರಾದರೂ ನೀರು ಹೊಯ್ದಿರಬಹುದು ಅನ್ನುವ ಅನುಮಾನ ಇದ್ದರೆ ಪೂರ್ತಿ ಬಸಿದು ಹೊಸದು ತುಂಬಿಸಿ. ಗ್ಲಾಸ್ ತೊಳೆಯುವ ವಾಷರ್ ನೀರಿಗೂ ಇದೇ ಮಾತು, ಗಡ್ಡೆ ಕಟ್ಟದ ದ್ರವ ಹಾಕಿ, ಹೊರಡುವ ಮುಂಚೆ ಒಂದೆರಡು ಸಲ ಚಿಮ್ಮಿಸಿ ಪೈಪಿನಲ್ಲಿರುವ ಹಳೇ ನೀರನ್ನೂ ಖಾಲಿ ಮಾಡಿ.

ಬ್ಯಾಟರಿ ನಾಲ್ಕು ವರ್ಷ ದಾಟಿದ್ದರೆ ಬದಲಿಸಿಬಿಡಿ, ಚಳಿಯಲ್ಲಿ ಅದರ ಶಕ್ತಿ ಕುಗ್ಗುತ್ತದೆ, ಎಂಜಿನ್ ತಿರುಗಿಸಲು ಮಾತ್ರ ಜಾಸ್ತಿ ಬೇಕಾಗುತ್ತದೆ. ಎಂಜಿನ್ ಆಯಿಲ್ ನಿಮ್ಮ ಕಂಪನಿ ಹೇಳಿದ್ದೇ ಸಾಕು, 5ಡಬ್ಲ್ಯೂ (ಆಯಿಲ್ ಚಳಿಯಲ್ಲಿ ಎಷ್ಟು ತೆಳುವಾಗಿರುತ್ತದೆ ಅನ್ನುವ ಅಂಕಿ) ಇದ್ದರೆ ಮನಾಲಿ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ನಿಮ್ಮದು ಪೆಟ್ರೋಲ್, ಬಚಾವ್. ಡೀಸೆಲ್ ಆಗಿದ್ದರೆ ಬಯಲಿನಲ್ಲಿ ತುಂಬಿಸಿದ ಡೀಸೆಲ್ ಅಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚುವ ಕಥೆ ಬೇರೆ ಹೇಳಬೇಕಿತ್ತು.

ರೀಮ್ಯಾಪ್ ಬಗ್ಗೆ: ಸಾಧ್ಯವಾದರೆ ಸ್ಟಾಕ್ ಮ್ಯಾಪ್‌ಗೆ ಮರಳಿ. ಸುರಂಗದ ಹತ್ತಿರ 3 ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡ 70ರಷ್ಟು ಮಾತ್ರ. ಎಂಜಿನ್‌ಗೆ ಅಷ್ಟೇ ಗಾಳಿ ಒತ್ತಿ ತುಂಬಲು (ಬೂಸ್ಟ್ ಕೊಡಲು) ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಅದರ ಮೇಲೆ ನಿಮ್ಮ ಟ್ಯೂನರ್ ಇನ್ನಷ್ಟು ಕೇಳಿರುತ್ತಾನೆ. ಇನ್ನೊಂದು, ಕಾಲು ಇಟ್ಟ ಕೂಡಲೇ ಒಮ್ಮೆಗೇ ಟಾರ್ಕ್ ನುಗ್ಗುವ ಕಾರು ಹಿಮದಲ್ಲಿ ಮುಂದಿನ ಚಕ್ರ ಸುಮ್ನೆ ಗಿರಗಿರ ತಿರುಗಿಸುತ್ತದೆ, ಸ್ಪೋರ್ಟ್ ಮೋಡ್ ಅಂತೂ ಮುಟ್ಟಲೇಬೇಡಿ. ಮಾಡಿಫಿಕೇಷನ್ ಇನ್ಶೂರೆನ್ಸ್‌ನವರಿಗೆ ತಿಳಿಸಿದ್ದೀರಾ ಅಂತ ನಾನು ಕೇಳಲ್ಲ, ನೀವೇ ಯೋಚಿಸಿ.

ಡಿಕ್ಕಿಯಲ್ಲಿ ಸಣ್ಣ ಸಲಿಕೆ, ಟೋ ಹಗ್ಗ, ಕಾರಿನ ಟೋ ಹುಕ್ ಇದೆಯೇ ಅಂತ ನೋಡಿ, ನಾಲ್ಕು ಹಳೇ ಕಾಫಿ ಗೋಣಿಚೀಲ. ನಗಬೇಡಿ, ಚಕ್ರ ಒಂದೇ ಕಡೆ ತಿರುಗತೊಡಗಿದಾಗ ಅದರ ಮುಂದೆ ಗೋಣಿ ತುರುಕಿದರೆ ಎಷ್ಟೋ ಸಲ ಅಷ್ಟಕ್ಕೇ ಎದ್ದು ಬರುತ್ತದೆ. ಆಗ ಚಕ್ರ ಸುಮ್ನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಒಂದು ನಿಮಿಷ ಆಫ್ ಮಾಡಿ, ಎದ್ದ ಮೇಲೆ ತಕ್ಷಣ ಆನ್. ನಿಮ್ಮ ಕಾರಿನ ಸ್ಪೇರ್ ಸಣಕಲು ಟೈರು, ಅದನ್ನು ಮುಂದೆ ಹಾಕಬಾರದು. ಮುಂದಿನದು ಪಂಕ್ಚರ್ ಆದರೆ ಹಿಂದಿನ ಒಳ್ಳೆಯ ಟೈರು ಮುಂದೆ ತನ್ನಿ, ಸಣಕಲನ್ನು ಹಿಂದೆ ಹಾಕಿ. ಚಳಿಯಲ್ಲಿ ಎರಡು ಸಲ ಜಾಕ್ ಹಾಕುವುದು ಬೇಜಾರು, ಗೊತ್ತು.

ಓಡಿಸುವ ಬಗ್ಗೆ ನಮ್ಮವರಿಗೆ ಒಂದು ತಪ್ಪು ಧೈರ್ಯ ಇದೆ. ನಮಗೆ ಮಂಜು ಅಂದರೆ ರಾಜಾಸೀಟ್‌ನಲ್ಲಿ ಕಣ್ಣಿಗೆ ಅಡ್ಡ ಬರುವ ಮಂಜು, ಅದರಲ್ಲಿ ಲೋ ಬೀಮ್ ಹಾಕಿ, ಎಸಿ ಹಾಕಿ ಗ್ಲಾಸ್ ಒರೆಸಿಕೊಂಡು ಹೋಗುವ ವಿದ್ಯೆ ಹುಟ್ಟುತ್ತಲೇ ಬಂದಿರುತ್ತದೆ. ಅಲ್ಲಿಯೂ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಎಲ್‌ಇಡಿ ಹೆಡ್‌ಲೈಟ್ ಮುಂಭಾಗ ಬಿಸಿಯಾಗಲ್ಲ, ಬಿದ್ದ ಹಿಮ ಕರಗಲ್ಲ, ಆಗಾಗ ಇಳಿದು ಒರೆಸಬೇಕು. ನಿಜವಾದ ಅಪಾಯ ಕಾಣುವ ಹಿಮವೂ ಅಲ್ಲ. ಹೊಸದಾಗಿ ಬಿದ್ದ ಪುಡಿ ಹಿಮದಲ್ಲಿ ಸ್ವಲ್ಪ ಹಿಡಿತ ಇರುತ್ತದೆ. ಮಧ್ಯಾಹ್ನ ಬಿಸಿಲಿಗೆ ಕರಗಿ ರಸ್ತೆ ಮೇಲೆ ಹರಿದ ನೀರು ಸಂಜೆ ನಾಲ್ಕರ ಮೇಲೆ ಗಾಜಿನ ಹಾಗೆ ಗಡ್ಡೆ ಕಟ್ಟುತ್ತದೆ, ಡಾಂಬರು ಒದ್ದೆಯಾಗಿದೆ ಅಷ್ಟೇ ಅನ್ನಿಸುತ್ತದೆ. ಬಿಸಿಲು ಬೀಳದ ತಿರುವು, ಸೇತುವೆ, ಆಮೇಲೆ ಸುರಂಗದ ಬಾಯಿ. 9 ಕಿಲೋಮೀಟರ್ ಒಣ ರಸ್ತೆಯಲ್ಲಿ ಖುಷಿಯಾಗಿ ಬಂದವರು ಆಚೆ ಬಾಯಿಯಲ್ಲಿ ಒಮ್ಮೆಗೇ ಗಡ್ಡೆ ಮೇಲೆ ಇಳಿಯುತ್ತಾರೆ. ಮೂರು ಗಂಟೆಗೆ ಅಲ್ಲಿಂದ ಹೊರಟಿರಬೇಕು, ಇನ್ನೊಂದು ಫೋಟೋ ಅಂತ ನಿಂತರೆ ಕೆಟ್ಟಿರಿ.

ಸ್ಟೀರಿಂಗ್, ಬ್ರೇಕ್, ಆಕ್ಸಿಲರೇಟರ್ ಮೂರರಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಮಾಡಿ. ತಿರುವಿಗೆ ಮುಂಚೆ ವೇಗ ಇಳಿಸಿ, ಆಮೇಲೆ ತಿರುಗಿಸಿ, ನೇರ ಆದ ಮೇಲೆ ಕಾಲು ಇಡಿ. ಇಳಿಜಾರಿನಲ್ಲಿ ನಿಮ್ಮ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಡಿಎಸ್‌ಜಿಯನ್ನು ಮ್ಯಾನುಯಲ್‌ಗೆ ತಂದು ಇಳಿಯುವ ಮುಂಚೆಯೇ ಕಡಿಮೆ ಗೇರ್‌ಗೆ ಹಾಕಿಕೊಳ್ಳಿ. ಮುಂದಿನ ಚಕ್ರ ತಿರುಗದೆ ನೇರ ಜಾರಿದರೆ ಇನ್ನೂ ಜಾಸ್ತಿ ತಿರುಗಿಸುವ ಚಪಲ ಬರುತ್ತದೆ, ಅದರ ಬದಲು ಸ್ವಲ್ಪ ಬಿಡಿಸಿ, ಕಾಲು ತೆಗೆಯಿರಿ, ಹಿಡಿತ ಸಿಕ್ಕ ಮೇಲೆ ಮತ್ತೆ ತಿರುಗಿಸಿ. ಓದಿದರೆ ಇದು ಬರಲ್ಲ. ಗದ್ದೆ ಖಾಲಿ ಇದೆ ಅಲ್ವಾ, ಸ್ಪ್ರಿಂಕ್ಲರ್ ಒಂದು ಗಂಟೆ ಬಿಟ್ಟು, ಯಾರದ್ದಾದರೂ ಹಳೇ ಮಾರುತಿ 800 ಇಸಿದುಕೊಂಡು ಒಂದು ಬೆಳಿಗ್ಗೆ ಜಾರಿಸಿ ನೋಡಿ. ಅದೂ ಫ್ರಂಟ್ ವೀಲ್ ಡ್ರೈವ್, ಎಬಿಎಸ್ ಇಲ್ಲ, ಕಲಿಯಲು ಅದಕ್ಕಿಂತ ಒಳ್ಳೆ ಮೇಷ್ಟ್ರಿಲ್ಲ.

ರಾತ್ರಿ ನಿಲ್ಲಿಸುವಾಗ ಸಮತಟ್ಟು ಜಾಗ ನೋಡಿ, ಗೇರ್ ಪಿಯಲ್ಲಿ ಇಟ್ಟು ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬೆಳಿಗ್ಗೆ ಹೊತ್ತಿಗೆ ಗಡ್ಡೆ ಕಟ್ಟಿ ಬಿಡದೆ ಹಿಡಿದುಕೊಂಡಿರಬಹುದು. ವೈಪರ್ ಎತ್ತಿಡಿ. ಗ್ಲಾಸಿಗೆ ಬಿಸಿನೀರು ಹೊಯ್ಯಬೇಡಿ, ಒಡೆಯುತ್ತದೆ.

ಮಗಳು ಇರುವ ಕಾರಣ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. 2024ರ ಡಿಸೆಂಬರ್ ಕೊನೆಯಲ್ಲಿ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಸುಮಾರು ಸಾವಿರ ಗಾಡಿಗಳು ಹಿಮದಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದವು. ನಿಮಗೂ ಹಾಗಾದರೆ ಹೀಟರ್‌ಗೆ ಅಂತ ಎಂಜಿನ್ ಬಿಡದೆ ಓಡಿಸಬೇಡಿ. ಸೈಲೆನ್ಸರ್ ಬಾಯಿ ಹಿಮದಲ್ಲಿ ಮುಚ್ಚಿದರೆ ಹೊಗೆ ಒಳಗೆ ಬರುತ್ತದೆ, ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಹೋಗುತ್ತಾರೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀಯಲ್ಲಿ ಹೀಗೆ ಕಾರುಗಳಲ್ಲಿ ಸಿಕ್ಕಿಕೊಂಡ 20ಕ್ಕೂ ಹೆಚ್ಚು ಜನ ಸತ್ತರು. ಮೊದಲು ಇಳಿದು ಸಲಿಕೆಯಲ್ಲಿ ಸೈಲೆನ್ಸರ್ ಸುತ್ತ ಬಿಡಿಸಿ, ಹತ್ತು ನಿಮಿಷ ಓಡಿಸಿ, ಕಿಟಕಿ ಒಂದು ಬೆರಳು ತೆರೆದಿಟ್ಟು, ಆಫ್ ಮಾಡಿ. ಟ್ಯಾಂಕ್ ಯಾವಾಗಲೂ ಅರ್ಧದ ಮೇಲೆ. ಕಂಬಳಿ, ನೀರು, ತಿನ್ನಲು ಏನಾದರೂ, ಥರ್ಮಸ್‌ನಲ್ಲಿ ಬೆಲ್ಲದ ಕಾಫಿ.

ಹೊಸ ಹಿಮ ಬಿದ್ದ ದಿನ ಪೊಲೀಸರು ಮನಾಲಿ ಮೇಲೆ ನೆಹರು ಕುಂಡ್ ಹತ್ತಿರವೇ ತಡೆದು ಫೋರ್ ಬೈ ಫೋರ್ ಅಥವಾ ಚೈನ್ ಇದ್ದವರನ್ನು ಮಾತ್ರ ಬಿಡುವುದು ಉಂಟು. ತಡೆದರೆ ವಾದ ಮಾಡಬೇಡಿ. ತಡೆಯದಿದ್ದರೂ, ಹಿಮ ಬೀಳುತ್ತಿದ್ದರೆ ಆರ್‌ಎಸ್ ಹೋಟೆಲಿನಲ್ಲೇ ಇರಲಿ, ಅಲ್ಲಿನ ಟ್ಯಾಕ್ಸಿಯಲ್ಲಿ ಸಿಸ್ಸುಗೆ ಹೋಗಿ ಬನ್ನಿ. ಆಕಾಶ ತಿಳಿಯಾಗಿ, ರಸ್ತೆ ಬಿಡಿಸಿ ಎರಡು ದಿನ ಆಗಿದ್ದರೆ ನಿಮ್ಮ ಕಾರಿನಲ್ಲೇ ಆರಾಮಾಗಿ ಹೋಗಬಹುದು. ಈಗ ನಾನೂ ಹಾಗೇ ಮಾಡುವುದು.

ಸ್ಪ್ರಿಂಗ್ ಬದಲಿಸಲು ಗೋಣಿಕೊಪ್ಪಕ್ಕೆ ಬರುವುದಾದರೆ ಬಿಚ್ಚಿಟ್ಟ ಕಂಪನಿ ಸ್ಪ್ರಿಂಗ್ ತರಲು ಮರೆಯಬೇಡಿ, ಎಷ್ಟೋ ಜನ ಅದನ್ನು ಗುಜರಿಗೆ ಹಾಕಿ ಬಂದು ನನ್ನ ಮುಖ ನೋಡುತ್ತಾರೆ. 205/50 ಆರ್17ಕ್ಕೆ ಕೂರುವ ತೆಳು ಚೈನ್ ಒಂದು ಜೊತೆ ನನ್ನ ಹತ್ತಿರ ಇದೆ. ಕಣದಲ್ಲಿ ಅಭ್ಯಾಸಕ್ಕೆ ಕೊಡುತ್ತೇನೆ, ಸರಿಯಾಗಿ ಹಾಕಲು ಬಂದರೆ ಮನಾಲಿಗೂ ತೆಗೆದುಕೊಂಡು ಹೋಗಿ.